ಗರಿಕೆ ಕೋರ್ಟಿನ ಕೊನೆಯ ಕಪ್

ಈ ಸಲ ಗಣಪತಿ ಹಬ್ಬದ ಹಿಂದಿನ ಸಂಜೆ ನಾನು ದೇವರ ಮನೆ ಒರೆಸಿ ಹೊರಗೆ ಬಂದಾಗ ಊಟದ ಮೇಜಿನ ಮೇಲೆ ಆ ಕಪ್ ಇತ್ತು. ಅದರ ಬಾಯಿ ತುಂಬ ಗರಿಕೆ. ಮಾರ್ಕೆಟ್ಟಿನಿಂದ ತಂದ ಕಟ್ಟು ಬೆಳಗಾಗುವಷ್ಟರಲ್ಲಿ ಬಾಡದಿರಲಿ ಎಂದು ಮೊಮ್ಮಗಳು ಅಟ್ಟದ ಮೇಲಿದ್ದ ಕಪ್ಪನ್ನು ಇಳಿಸಿ, ನೀರು ತುಂಬಿ, ಹುಲ್ಲನ್ನು ಅದರಲ್ಲಿ ನಿಲ್ಲಿಸಿದ್ದಳು. ಹಸಿ ಗರಿಕೆಯ ವಾಸನೆ ನಿಮಗೆಲ್ಲ ಗೊತ್ತಾಗುತ್ತದೋ ಇಲ್ಲವೋ. ಅದಕ್ಕೆ ಹೂವಿನ ಘಮ ಇಲ್ಲ. ಒದ್ದೆ ಮಣ್ಣು, ಬೇರು, ಸ್ವಲ್ಪ ಸಿಹಿ... ಅಷ್ಟೇ. ಆ ವಾಸನೆ ಮೂಗಿಗೆ ಬಿದ್ದದ್ದೇ ನಾನು ಅಲ್ಲೇ ಕುರ್ಚಿ ಹಿಡಿದು ನಿಂತೆ.

"ಎಷ್ಟ್ ಚೆನ್ನಾಗಿದೆ ಅಜ್ಜಿ ಈ ಹೂದಾನಿ! ಸೀರೆ ಸುತ್ತಿ ಯಾಕೆ ಬಚ್ಚಿಟ್ಟಿದ್ರಿ?" ಎಂದಳು.

ಅದು ಹೂದಾನಿಯಲ್ಲ ಎಂದೆ. ಅವಳು ಬಗ್ಗಿ ನೋಡಿದಳು. ಕಪ್ಪಿನ ಬುಡದಲ್ಲಿ ಕರೀ ಮರದ ಪೀಠವಿದೆ, ಅದರ ಸುತ್ತ ಉಗುರಿನಗಲದ ಬೆಳ್ಳಿ ತಗಡುಗಳನ್ನು ಬಡಿದಿದ್ದಾರೆ. ಒಂದೊಂದರ ಮೇಲೂ ಒಬ್ಬೊಬ್ಬ ಹೆಂಗಸಿನ ಹೆಸರು. ಮೊಮ್ಮಗಳು ಬೆರಳಲ್ಲಿ ಸವರುತ್ತಾ ಬಂದು ಕೊನೆಯ ತಗಡಿನ ಹತ್ತಿರ ನಿಂತಳು.

"ಇದರಲ್ಲಿ ಏನೂ ಬರೆದಿಲ್ವಲ್ಲ. ಇದು ನಿಮ್ಮದಾ ಅಜ್ಜಿ?"

ನನ್ನದಲ್ಲ ಎಂದೆ. ಯಾರದ್ದು ಎಂದು ಹೇಳುವುದಕ್ಕೆ ಹೊರಟವಳು ಗರಿಕೆ ಸರಿಮಾಡುತ್ತಾ ನಿಂತುಬಿಟ್ಟೆ. ಎದುರಿಗೆ ಕೂತವರಿಗೆ ಉದ್ದಕ್ಕೆ ಕಥೆ ಹೇಳುವುದು ನನಗೆ ಎಂದೂ ಬಂದಿಲ್ಲ, ನಿಮಗೇ ಗೊತ್ತು. ಬರೆದರೆ ಬಂದೀತು ಎಂದು ಕೂತಿದ್ದೇನೆ. ಮೊಮ್ಮಕ್ಕಳೇ, ನೀವೆಲ್ಲ ಬಿಡುವಾದಾಗ ಓದಿಕೊಳ್ಳಿ.

ನಾನು ಇಲವಾಲದ ಕಡೆಯ ಹಳ್ಳಿಯವಳು. ಏಳನೇ ಕ್ಲಾಸಿನವರೆಗೆ ಊರಿನ ಶಾಲೆ, ಆಮೇಲೆ ಹೊಲ, ಆಮೇಲೆ ಮದುವೆ. ನಿಮ್ಮ ತಾತ ಆಗ ಮೈಸೂರಿನಲ್ಲಿ ಕಾರ್ಖಾನೆ ಕೆಲಸದಲ್ಲಿದ್ದರು. ನಾವಿದ್ದದ್ದು ಒಂದು ವಠಾರದಲ್ಲಿ. ಸಾಲಾಗಿ ಮನೆಗಳು, ನಡುವೆ ಒಗೆಯುವ ಕಲ್ಲು, ಹಿಂದೆ ಒಂದು ಆಳೆತ್ತರದ ಗೋಡೆ. ಗೋಡೆಯಾಚೆ ಕ್ಲಬ್ಬು. ಕ್ಲಬ್ಬಿನವರು ಯಾರು, ಅಲ್ಲಿ ಏನು ಮಾಡುತ್ತಾರೆ ಎಂದು ನನಗೆ ತಿಳಿದಿರಲಿಲ್ಲ. ಗೋಡೆಯಲ್ಲಿ ಒಂದು ಕಡೆ ಇಟ್ಟಿಗೆ ಬಿದ್ದು ಕಿಂಡಿಯಾಗಿತ್ತು. ಅದರಲ್ಲಿ ನೋಡಿದರೆ ಹಸಿರು ಮಾತ್ರ ಕಾಣುತ್ತಿತ್ತು.

ಗೋಡೆಗೆ ಹತ್ತಿದ ಕೊನೆಯ ಮನೆ ಗೇಮ್ಸ್ ಮಿಸ್ ಅವರದು. ವಠಾರದಲ್ಲಿ ಚಿಕ್ಕವರು ದೊಡ್ಡವರು ಎಲ್ಲರೂ ಹಾಗೇ ಕರೆಯುತ್ತಿದ್ದರು. ಹೆಣ್ಣುಮಕ್ಕಳ ಸ್ಕೂಲಿನಲ್ಲಿ ಆಟ ಕಲಿಸುವ ಕೆಲಸ. ಕ್ರಿಶ್ಚಿಯನ್ನರು, ಮದುವೆಯಾಗಿರಲಿಲ್ಲ. ಬಾಗಿಲ ಮೇಲೆ ಗರಿಯಲ್ಲಿ ಹೆಣೆದ ಶಿಲುಬೆ ಸಿಕ್ಕಿಸಿದ್ದರು. ಶನಿವಾರ ಬಂತೆಂದರೆ ತಮ್ಮ ಕ್ಯಾನ್ವಾಸ್ ಬೂಟಿಗೆ ಬಿಳೀ ಬಳಿದು ಗೋಡೆಯ ಮೇಲೆ ಒಣಗಲು ಇಡುತ್ತಿದ್ದರು. ಎತ್ತರದ ಆಳು, ಕಪ್ಪು ಮೈ, ದೊಡ್ಡ ಗಂಟಲು. ಚರ್ಚಿನ ಗಂಟೆಗಿಂತ ಮೊದಲು ಅವರ ನಗು ಕೇಳುತ್ತದೆ ಎಂದು ನಮ್ಮತ್ತೆ ಹೇಳುತ್ತಿದ್ದರು. ನನಗೆ ಅವರನ್ನು ಕಂಡರೆ ಭಯ. ಹೊಸದಾಗಿ ಬಂದವಳು, ತಲೆ ತಗ್ಗಿಸಿಕೊಂಡು ಪಕ್ಕಕ್ಕೆ ಸರಿದುಬಿಡುತ್ತಿದ್ದೆ.

ಮದುವೆಯಾದ ಮೊದಲ ಗಣಪತಿ ಹಬ್ಬ. ಅತ್ತೆ ಬೆಳಗಿನ ಜಾವವೇ ಎಬ್ಬಿಸಿ, "ಗರಿಕೆ ಮರ್ತ್ಬುಟ್ಟೆ ಕಣಮ್ಮ, ಎಲ್ಲಾದ್ರೂ ನೋಡ್ಕೊಂಡು ಬಾ" ಎಂದರು. ಹಳ್ಳಿಯಲ್ಲಾದರೆ ಬದುವಿನ ಮೇಲೆ ಎಲ್ಲೆಂದರಲ್ಲಿ ಗರಿಕೆ. ಪಟ್ಟಣದಲ್ಲಿ ಎಲ್ಲಿ ಹುಡುಕಲಿ? ಕಿಂಡಿಯ ನೆನಪಾಯಿತು. ನುಸುಳಿ ಆಚೆ ಹೋದೆ. ಆಹಾ, ನನ್ನ ಜನ್ಮದಲ್ಲಿ ಅಂಥ ಗರಿಕೆ ನೋಡಿರಲಿಲ್ಲ! ಒಂದು ಕಳೆಯಿಲ್ಲ, ಒಂದು ಕಲ್ಲಿಲ್ಲ. ಅಂಗಳದಗಲ ಚಾಪೆ ಹಾಸಿದ ಹಾಗೆ ಬರೀ ಗರಿಕೆ, ಮೂರೆಸಳಿನ ತುದಿ, ಮೇಲೆ ಇಬ್ಬನಿ. ಗಣಪತಿಗೇ ಬೆಳೆಸಿದ್ದಾರೆ ಎಂದುಕೊಂಡು ಕೂತು ಕೀಳಲು ಶುರುಮಾಡಿದೆ. ಮಡಿಲು ತುಂಬಿತ್ತು, ಅಷ್ಟರಲ್ಲಿ ಹಿಂದಿನಿಂದ ಆ ಗಂಟಲು.

"ಯಾರಮ್ಮ ಅದು? ಎದ್ದೇಳು, ಎದ್ದೇಳು! ಕೋರ್ಟನ್ನೇ ಕಿತ್ತ್ಬುಟ್ಟೆಯಲ್ಲೇ!"

ನಾನು ಮಡಿಲು ಹಿಡಿದುಕೊಂಡು ಎದ್ದು ನಿಂತೆ. "ಗಣಪತಿಗೆ..." ಎಂದೆ.

"ಗಣಪತಿಗೆ ಸರಿ. ನನಗೆ? ದಸರಾದಲ್ಲಿ ನಾನು ಬೋಳು ನೆಲದ ಮೇಲೆ ಆಡ್ಲಾ?"

ಏನು ಆಟ, ಯಾಕೆ ಆಟ, ನನಗೇನೂ ಗೊತ್ತಿಲ್ಲ. ಬಾಯಿಗೆ ಬಂದದ್ದು ಹೇಳಿಬಿಟ್ಟೆ. "ಇಷ್ಟೊಂದು ಹುಲ್ಲಿದೆಯಲ್ಲ ಮಿಸ್, ಯಾರೂ ದನ ಬಿಟ್ಟಿಲ್ಲವಲ್ಲ ಅಂದ್ಕೊಂಡೆ."

ಅವರು ನನ್ನನ್ನೇ ನೋಡಿದರು. ಆಮೇಲೆ ನಗಲು ಶುರುಮಾಡಿದರು ನೋಡಿ, ಪಕ್ಕದಲ್ಲಿದ್ದ ಕಬ್ಬಿಣದ ರೋಲರಿನ ಮೇಲೆ ಕುಸಿದು ಕೂತು ನಕ್ಕರು. "ದನ! ಕ್ಲಬ್ಬಿನ ಸೆಕ್ರೆಟರಿಗೆ ಹೇಳ್ಬೇಕು ಇದನ್ನ" ಎಂದು ಕಣ್ಣೊರೆಸಿಕೊಂಡರು. ನಂತರ ಮೂಲೆಯ ಗೂಟ ತೋರಿಸಿ ಹೇಳಿದರು: "ಆ ಗೂಟದಿಂದ ಆಚೆ ಎಷ್ಟು ಬೇಕಾದ್ರೂ ಕಿತ್ಕೋ. ಈಚೆಗಿರೋದು ನನ್ನದು. ತಿಳೀತಾ?"

ಅಂದಿನಿಂದ ಪ್ರತಿ ಹಬ್ಬಕ್ಕೂ ಅವರೇ ಗೋಡೆಯ ಮೇಲಿಂದ, "ಏಯ್ ಗರಿಕೆ ಹುಡುಗಿ, ಬಾ" ಎಂದು ಕೂಗುತ್ತಿದ್ದರು. ನಾನು ಗೂಟದ ಆಚೆಯದನ್ನೇ ಕೀಳುತ್ತಿದ್ದೆ.

ಆ ಆಟದ ವಿಷಯ ನಾನು ತಿಳಿದದ್ದು ಅವರಿಂದಲೇ. ಪ್ರತಿ ವರ್ಷ ದಸರಾ ವಾರದಲ್ಲಿ ಆ ಹುಲ್ಲಿನ ಮೇಲೆ ಟೆನ್ನಿಸ್ ಪಂದ್ಯ ನಡೆಯುತ್ತಿತ್ತು. ಮಹಾರಾಜರ ಕಾಲದಿಂದ ನಡೆದು ಬಂದದ್ದಂತೆ. ಮದ್ರಾಸಿನಿಂದ, ಹೈದರಾಬಾದಿನಿಂದ ಆಡುವವರು ರೈಲಿನಲ್ಲಿ ಬರುತ್ತಿದ್ದರಂತೆ, ರ‍್ಯಾಕೆಟ್ಟು ಸೊಟ್ಟಗಾಗದಿರಲಿ ಎಂದು ಮರದ ಚೌಕಟ್ಟಿನಲ್ಲಿ ಬಿಗಿದುಕೊಂಡು. ಒಂದು ಕಡೆ ಬ್ಯಾಂಡು, ಒಂದು ಕಡೆ ಟೀ, ಬಣ್ಣದ ಛತ್ರಿಗಳ ಕೆಳಗೆ ದೊಡ್ಡ ಮನೆತನದ ಹೆಂಗಸರು. ಮಳೆಗಾಲವೆಲ್ಲ ಹುಲ್ಲನ್ನು ಬೆಳೆಯಲು ಬಿಟ್ಟು, ಗಣಪತಿ ಹಬ್ಬ ಕಳೆದ ಮೇಲೆ ಕತ್ತರಿಸಿ, ನೀರು ಹಾಕಿ, ರೋಲರ್ ಎಳೆದು, ಸುಣ್ಣದ ಗೆರೆ ಎಳೆಯುತ್ತಿದ್ದರು. ಆ ಗೆರೆ ಬೀಳುವ ದಿನ ಮಿಸ್ ಅವರ ಮುಖ ನೋಡಬೇಕಿತ್ತು. ನಮ್ಮ ಕಡೆ ಹೊಸ ಹೊಲಕ್ಕೆ ಮೊದಲ ಸಾಲು ಹೊಡೆಯುವಾಗ ಅಪ್ಪನ ಮುಖ ಹಾಗಿರುತ್ತಿತ್ತು.

ನಾನು ಬರುವ ಹೊತ್ತಿಗೆ ಬ್ಯಾಂಡು ನಿಂತುಹೋಗಿತ್ತು. ಛತ್ರಿಗಳು ನಾಲ್ಕಾರು ಉಳಿದಿದ್ದವು. ಹುಲ್ಲು ಸಾಕುವುದು ಕಷ್ಟ, ಈಗೆಲ್ಲ ಸಿಮೆಂಟಿನ ಮೇಲೇ ಆಡುತ್ತಾರೆ ಎಂದು ಕ್ಲಬ್ಬಿನಲ್ಲಿ ಮಾತು ಶುರುವಾಗಿತ್ತಂತೆ. ಆದರೂ ಹೆಂಗಸರ ಕಪ್ ಒಂದು ವರ್ಷವೂ ತಪ್ಪಿರಲಿಲ್ಲ. ಮಿಸ್ ಹುಡುಗಿಯಾಗಿದ್ದಾಗಿನಿಂದ ಆ ಕಪ್ಪಿಗಾಗಿ ಆಡುತ್ತಿದ್ದವರು. ಎಷ್ಟೋ ಸಲ ಫೈನಲ್ಲಿಗೆ ಬಂದು ಸೋತಿದ್ದರು. ಪೀಠದ ಮೇಲಿನ ಹೆಸರುಗಳನ್ನು ಅವರು ಜಪಮಾಲೆ ಹಿಡಿದ ಹಾಗೆ ಒಂದರ ಹಿಂದೆ ಒಂದು ಹೇಳುತ್ತಿದ್ದರು. "ಇವಳ ಕೈಲಿ ಸೋತೆ... ಇವಳ ಕೈಲೂ ಸೋತೆ... ಇವಳು ಒಳ್ಳೆಯವಳು, ಸೋಲಿಸಿ ಐಸ್‌ಕ್ರೀಮ್ ಕೊಡಿಸಿದಳು."

ಆ ಕಪ್ಪಿಗೆ ಒಂದು ಕಟ್ಟುಪಾಡಿತ್ತು. ಗೆದ್ದವರು ಅದನ್ನು ಒಂದು ವರ್ಷ ಮನೆಯಲ್ಲಿಟ್ಟುಕೊಂಡು, ಮುಂದಿನ ದಸರಾಕ್ಕೆ ಉಜ್ಜಿ ಬೆಳಗಿಸಿ ಕ್ಲಬ್ಬಿಗೆ ಹಿಂದಿರುಗಿಸಬೇಕು. ಹಾಗೆ ಹಿಂದಿರುಗಿಸಿದ ಮೇಲೇ ಅವರ ಹೆಸರನ್ನು ತಗಡಿನ ಮೇಲೆ ಕೆತ್ತಿಸಿ, ಕಪ್ಪನ್ನು ಆ ವರ್ಷದ ಆಟಕ್ಕೆ ಮೇಜಿನ ಮೇಲೆ ಇಡುತ್ತಿದ್ದರು. ಗೆದ್ದ ದಿನವೇ ಯಾಕೆ ಕೆತ್ತುವುದಿಲ್ಲ ಎಂದು ನಾನು ಕೇಳಿದ್ದೆ.

"ಗೆದ್ದಿದ್ದಕ್ಕಲ್ಲ ಕಣೆ ಹೆಸರು, ವಾಪಸ್ ತಂದಿದ್ದಕ್ಕೆ" ಎಂದಿದ್ದರು. "ಒಂದು ಸಲ ನನ್ನ ಹೆಸರು ಅಲ್ಲಿ ಬೀಳ್ಬೇಕು. ಆಮೇಲೆ ಯಾರು ಬೇಕಾದ್ರೂ ನನ್ನ ಸೋಲಿಸ್ಕೊಳ್ಳಲಿ."

ಅವರಿಗೆ ಬೇಕಾಗಿದ್ದದ್ದು ಅದೊಂದೇ.

ಸ್ಕೂಲಿಲ್ಲದ ದಿನ ಅವರು ವಠಾರದ ಹಿಂದಿನ ಗೋಡೆಗೆ ಚೆಂಡು ಹೊಡೆದು ಅಭ್ಯಾಸ ಮಾಡುತ್ತಿದ್ದರು. ನಾನು ಒಗೆಯುವ ಕಲ್ಲಿನ ಹತ್ತಿರ ಇರುತ್ತಿದ್ದೆ. ಚೆಂಡು ಈ ಕಡೆ ಬಂದರೆ ಎತ್ತಿ ಎಸೆಯುತ್ತಿದ್ದೆ. ಊರಿನಲ್ಲಿ ಜೋಳದ ಹೊಲಕ್ಕೆ ಗಿಳಿ ಬಂದಾಗ ಕಲ್ಲು ಬೀಸಿ ಬೀಸಿ ನನ್ನ ತೋಳು ಪಳಗಿತ್ತು. ಒಂದು ದಿನ ಮಿಸ್ ಹಳೆಯ ರ‍್ಯಾಕೆಟ್ಟೊಂದನ್ನು ತಂದು ಕೈಗೆ ಕೊಟ್ಟು, "ಎಸೀಬೇಡ, ಇದರಲ್ಲಿ ಕಳಿಸು" ಎಂದರು. ನಾಚಿಕೆಯಾಗಿ ಸುತ್ತ ನೋಡಿದೆ. ಯಾರೂ ಇಲ್ಲ. ಹೊಡೆದೆ. ಚೆಂಡು ಗೋಡೆ ದಾಟಿ ಎಲ್ಲೋ ಹೋಯಿತು. ಮಿಸ್ ಬಹಳ ಹೊತ್ತು ಹುಡುಕಿ ತಂದು, "ಇನ್ನೊಂದ್ಸಲ" ಎಂದರು.

ಹೀಗೆ ಒಂದೆರಡು ವರ್ಷ ನಡೆಯಿತು. ಅತ್ತೆ ಒಳಗಿನಿಂದಲೇ, "ಒಗೆಯೋ ಬಟ್ಟೆ ಬಕೀಟಲ್ಲೇ ಒಣಗೋಯ್ತು ಕಣಮ್ಮ" ಎಂದು ಕೂಗುತ್ತಿದ್ದರು. ಆದರೆ ಬೇಡ ಎನ್ನಲಿಲ್ಲ. ಮಿಸ್ ಕ್ರಿಸ್‌ಮಸ್ಸಿಗೆ ಕೊಡುತ್ತಿದ್ದ ಕೇಕು ಅವರಿಗೆ ಬಲು ಇಷ್ಟ. ಮೊಟ್ಟೆ ಹಾಕಿಲ್ಲ ತಾನೇ ಎಂದು ಪ್ರತಿ ವರ್ಷ ಕೇಳಿ, ಉತ್ತರಕ್ಕೆ ಕಾಯದೆ ಬಾಯಿಗೆ ಹಾಕಿಕೊಳ್ಳುತ್ತಿದ್ದರು.

ಆ ವರ್ಷ... ನಿಮ್ಮ ಅಮ್ಮ ಇನ್ನೂ ಹುಟ್ಟಿರಲಿಲ್ಲ. ದಸರಾ ಹತ್ತಿರ ಬಂದಿತ್ತು. ಒಂದು ಸಂಜೆ ಮಿಸ್ ನಮ್ಮ ಮನೆಗೆ ಬಂದು ನಡುಮನೆಯಲ್ಲಿ ಕೂತರು. ಎಂದೂ ಹಾಗೆ ಸುಮ್ಮನೆ ಕೂತವರಲ್ಲ. ಅತ್ತೆ ಕಾಫಿ ಕೊಟ್ಟರು. ಲೋಟ ಕೈಯಲ್ಲೇ ಇತ್ತು.

"ಮೂರೇ ಜನ ಬಂದಿರೋದು" ಎಂದರು. "ನಾನು, ನಮ್ಮ ಡಾಕ್ಟರ ಹೆಂಡತಿ, ಬೆಂಗಳೂರಿಂದ ಒಬ್ಬಳು ಕಾಲೇಜು ಹುಡುಗಿ. ನಾಲ್ಕು ಜನ ಇಲ್ದಿದ್ರೆ ಹೆಂಗಸರ ಆಟ ಇಲ್ಲ ಅಂತಾರೆ ಸೆಕ್ರೆಟರಿ. ಒಂದು ಸಲ ನಿಂತ್ರೆ ಮತ್ತೆ ಶುರು ಮಾಡಲ್ಲ ಅವರು. ನನಗೆ ಗೊತ್ತು."

ಅತ್ತೆ ಅಯ್ಯೋ ಪಾಪ ಎಂದರು. ಮಿಸ್ ನನ್ನ ಕಡೆ ತಿರುಗಿದರು. ನನಗೆ ಆಗಲೇ ಅರ್ಥವಾಗಿ, ಎದ್ದು ಅಡಿಗೆಮನೆಗೆ ಹೋಗಿಬಿಟ್ಟೆ. ಅಲ್ಲಿಂದಲೇ ಕೇಳಿಸಿಕೊಂಡೆ.

"ಅಮ್ಮಾ, ನಿಮ್ಮ ಸೊಸೇನ ಒಂದು ದಿನಕ್ಕೆ ಕೊಡಿ. ಗೆಲ್ಲೋದೇನೂ ಬೇಡ. ಬಂದು ನಿಂತ್ರೆ ಸಾಕು."

ಅತ್ತೆ ಖಂಡಿತ ಬೈಯುತ್ತಾರೆ ಎಂದುಕೊಂಡಿದ್ದೆ. ಬೈದರೆ ಸಾಕಪ್ಪ, ನಾನು ತಪ್ಪಿಸಿಕೊಳ್ಳಬಹುದು ಎಂದೂ ಇತ್ತು. ಅವರು ಹೇಳಿದರು: "ಇಷ್ಟು ವರ್ಷ ನಿಮ್ಮ ಗರಿಕೆ ತಂದು ಗಣಪ್ಪಂಗೆ ಏರಿಸಿದೀವಿ. ಕರ್ಕೊಂಡೋಗಿ. ಏನು ಉಟ್ಕೋಬೇಕು ಅಲ್ಲಿ?"

"ಬಿಳೀದು" ಎಂದರು ಮಿಸ್. "ಅಲ್ಲಿ ಬಿಳೀದೇ ಉಡ್ಬೇಕು, ಅದೇ ರೂಲು."

ಆಗ ಎದ್ದಿತು ನೋಡಿ ಗಲಾಟೆ. "ತಾಳಿ ಕಟ್ಕೊಂಡಿರೋಳು ಬಿಳೀ ಸೀರೆ ಉಡ್ತಾಳಾ? ನನ್ನ ಮಗ ಗುಂಡುಕಲ್ಲಿನ ಹಾಗೆ ಇದಾನೆ! ಆಟ ಬೇಕಾದ್ರೆ ಆಡ್ಲಿ. ಬಿಳೀದು ಬೇಡ, ಬುಡಿ!" ಮಿಸ್ ಎಷ್ಟು ಹೇಳಿದರೂ ಕೇಳಲಿಲ್ಲ. ಕೊನೆಗೆ ಮಿಸ್ ಎದ್ದು ಹೋದರು. ಹೋಗುವಾಗ ಅವರ ಬೆನ್ನು ಬಾಗಿತ್ತು. ಅದನ್ನು ನಾನು ಅಡಿಗೆಮನೆಯ ಬಾಗಿಲಿನಿಂದ ನೋಡಿದೆ. ಅತ್ತೆಯೂ ನೋಡಿದರು ಅಂತ ಕಾಣುತ್ತದೆ.

ಮಾರನೆಯ ದಿನ ಅತ್ತೆಯೇ ಮಿಸ್ ಮನೆಗೆ ಹೋಗಿ ಅವರ ಒಂದು ಬಿಳೀ ನೂಲಿನ ಸೀರೆ ಕೇಳಿ ತಂದರು. ಅಂಗಡಿಯಿಂದ ಸ್ಕೂಲು ಹುಡುಗಿಯರು ಜಡೆಗೆ ಕಟ್ಟುವ ಕೆಂಪು ರಿಬ್ಬನ್ ತಂದರು. ಜಗಲಿಯ ಮೇಲೆ ಕೂತು ಸೀರೆಯ ಉದ್ದಕ್ಕೂ ರಿಬ್ಬನ್ನನ್ನು ಅಂಚಿನ ಹಾಗೆ ಇಟ್ಟು ಹೊಲಿದರು. "ಈಗ ಮುತ್ತೈದೆ ಸೀರೆ ಆಯ್ತು. ಹೋಗು" ಎಂದರು.

ಆಟದ ದಿನ ಸೆಕ್ರೆಟರಿ ನನ್ನ ಸೀರೆ ನೋಡಿ ಮೂಗು ಮುರಿದರು. "ಮೇಡಂ, ಪೂರ್ತಿ ಬಿಳೀ ಇರ್ಬೇಕಲ್ವಾ?"

"ಆ ಕೆಂಪು ತೆಗೆದ್ರೆ ಇವಳತ್ತೆ ಇವಳನ್ನ ಕರ್ಕೊಂಡು ಹೊರಟೋಗ್ತಾರೆ" ಎಂದರು ಮಿಸ್. "ನಾಲ್ಕು ಮೂರಾಗುತ್ತೆ. ನೋಡಿ, ನೀವೇ ಹೇಳಿ."

ಅತ್ತೆ ಗೋಡೆಯ ಕಿಂಡಿಯ ಹತ್ತಿರ ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಂತಿದ್ದರು. ಸೆಕ್ರೆಟರಿ ಅವರ ಕಡೆ ಒಂದು ಸಲ ನೋಡಿ, ಪಟ್ಟಿಯಲ್ಲಿ ನನ್ನ ಹೆಸರು ಬರೆದುಕೊಂಡರು.

ಚೀಟಿ ಎತ್ತಿದಾಗ ನನ್ನ ಎದುರಾಳಿಯಾಗಿ ಬಂದದ್ದು ಮಿಸ್ ಅವರೇ. ನನಗೆ ಜೀವ ಬಂದ ಹಾಗಾಯಿತು. ಅವರು ಮಾತ್ರ ನನ್ನನ್ನು ಪಕ್ಕಕ್ಕೆ ಕರೆದು, ನಗದೆ ಹೇಳಿದರು: "ನಾನು ಬಿಟ್ಟುಕೊಡಲ್ಲ. ನೀನೂ ಬಿಟ್ಟುಕೊಡ್ಬೇಡ. ನಾಟಕ ಆಡಿ ಗೆದ್ರೆ ಆ ಕಪ್ಪಿಗೆ ಮರ್ಯಾದೆ ಇರಲ್ಲ."

ನನ್ನ ಹತ್ತಿರ ಬೂಟಿರಲಿಲ್ಲ. ಬರಿಗಾಲಲ್ಲೇ ಇಳಿದೆ. ಹೊಲಕ್ಕೆ ಇಳಿಯುವಾಗ ಮಾಡುತ್ತಿದ್ದ ಹಾಗೆ ಬಗ್ಗಿ ಹುಲ್ಲು ಮುಟ್ಟಿ ಕಣ್ಣಿಗೊತ್ತಿಕೊಂಡೆ. ಅದು ತಾನಾಗಿ ಆದದ್ದು. ಛತ್ರಿಯ ಕೆಳಗೆ ಕೂತವರು ಕಿಸಕ್ಕೆಂದು ನಕ್ಕರು. ಗೂಟದ ಈಚೆಗೆ, ಸುಣ್ಣದ ಗೆರೆಯ ಒಳಗೆ, ಅದೇ ಗರಿಕೆಯ ಮೇಲೆ ನಾನು ನಿಂತಿದ್ದೆ. ಕತ್ತರಿಸಿದ ಹುಲ್ಲು ಪಾದಕ್ಕೆ ಚುಚ್ಚುತ್ತಿತ್ತು, ತಣ್ಣಗಿತ್ತು...

ಆಟ ಏನು ಹೇಳಲಿ. ಮಿಸ್ ಹೊಡೆದ ಚೆಂಡು ಕಣ್ಣಿಗೆ ಕಾಣಿಸಲಿಲ್ಲ. ಗೆರೆಯಾಚೆ ಹೋದ ಚೆಂಡನ್ನೆಲ್ಲ ನಾನು ಆಯ್ದುಕೊಂಡು, ನೆಟ್ ಸುತ್ತಿ ಹೋಗಿ, ಎರಡೂ ಕೈಯಲ್ಲಿ ಅವರಿಗೆ ಕೊಟ್ಟು ಬರುತ್ತಿದ್ದೆ. ಹಿರಿಯರ ಕಡೆಗೆ ವಸ್ತು ಎಸೆಯುವುದು ಹೇಗೆ? ಅಂಪೈರು ಎತ್ತರದ ಕುರ್ಚಿಯಲ್ಲಿ ಬಾಯಿಗೆ ಕೈ ಅಡ್ಡ ಇಟ್ಟುಕೊಂಡರು. ಮಿಸ್ ಕೂಗಿದರು: "ಎಸಿಯೇ! ತಾಂಬೂಲ ಕೊಡೋ ಹಾಗೆ ತಂದು ಕೊಡ್ತೀಯಲ್ಲ!"

ಎಲ್ಲರೂ ಗೊಳ್ಳೆಂದು ನಕ್ಕರು. ನನಗೆ ಅಳು ಬಂತು. ಅಳುವಿನ ಜೊತೆಗೆ ಸಿಟ್ಟೂ ಬಂತು. ಮುಂದಿನ ಚೆಂಡು ಬಂದಾಗ ಗಿಳಿಗೆ ಕಲ್ಲು ಬೀಸಿದ ಹಾಗೆ ಬೀಸಿದೆ. ಅದು ನೆಟ್ಟಿನ ಮೇಲೆ ಸುಯ್ಯೆಂದು ಹೋಗಿ, ಮಿಸ್ ಪಕ್ಕದಲ್ಲೇ ಹಾದು, ಗೆರೆಯ ಮೇಲೆ ಬಿತ್ತು. ಸುಣ್ಣ ಹಾರಿತು. ಮಿಸ್ ಹಾರಿದ ಸುಣ್ಣ ನೋಡಿದರು, ನನ್ನನ್ನು ನೋಡಿದರು. "ಹಾಂ. ಹಾಗೆ" ಎಂದರು.

ನಾನು ಗಳಿಸಿದ್ದು ಅದೊಂದೇ. ಬೇಗ ಸೋತೆ. ನಿಮ್ಮ ತಾತ ಅರ್ಧ ದಿನ ರಜ ಹಾಕಿ ಬಂದು, ಯಾರಿಗೂ ಕಾಣದ ಹಾಗೆ ಬೇವಿನ ಮರದ ಹಿಂದೆ ನಿಂತಿದ್ದರಂತೆ. ರಾತ್ರಿ ಊಟಕ್ಕೆ ಕೂತಾಗ, "ಒಂದು ಹೊಡೆತ ಚೆನ್ನಾಗಿ ಹೊಡೆದೆ" ಎಂದರು. ಮತ್ತೆ ಆ ವಿಷಯ ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಮಾರನೆಯ ದಿನ ಫೈನಲ್. ಮಿಸ್ ಎದುರಿಗೆ ಬೆಂಗಳೂರಿನ ಹುಡುಗಿ. ಅವಳಿಗೂ ಇವರಿಗೂ ತಾಯಿ ಮಗಳ ವಯಸ್ಸಿನ ವ್ಯತ್ಯಾಸ. ಅವಳು ಜೋರಾಗಿ ಹೊಡೆಯುತ್ತಿದ್ದಳು. ಮಿಸ್ ಓಡಲಾರದೆ, ಚೆಂಡನ್ನು ಮೆಲ್ಲಗೆ ಮೂಲೆಗೆ ತಳ್ಳುತ್ತಿದ್ದರು. ಸಿಮೆಂಟಿನ ಮೇಲೆ ಆಡಿ ಬೆಳೆದ ಹುಡುಗಿ ಚೆಂಡು ಎದೆಯೆತ್ತರ ಪುಟಿಯುತ್ತದೆ ಎಂದು ಕಾಯುತ್ತಿದ್ದಳು. ಹುಲ್ಲಿನಲ್ಲಿ ಅದು ಮೊಣಕಾಲಿನ ಮೇಲೆ ಏಳುತ್ತಿರಲಿಲ್ಲ. ಹಾಗೇ ಎಳೆದೆಳೆದು ಕೊನೆಯ ಚೆಂಡು. ಅದು ಗೋಡೆಯ ಕಡೆಯ ಮೂಲೆಯಲ್ಲಿ ಬಿದ್ದದ್ದು ಏಳಲೇ ಇಲ್ಲ. ಉರುಳಿಕೊಂಡು ಹೋಯಿತು. ಮಿಸ್ ಗೆದ್ದಿದ್ದರು.

ಕುಣಿಯಲಿಲ್ಲ, ಕೂಗಲಿಲ್ಲ. ಎದೆಯ ಮೇಲೆ ಶಿಲುಬೆ ಗುರುತು ಮಾಡಿಕೊಂಡರು. ಆಮೇಲೆ ಬಗ್ಗಿ, ಹಿಂದಿನ ದಿನ ನಾನು ಮಾಡಿದ ಹಾಗೇ ಹುಲ್ಲು ಮುಟ್ಟಿ ಕಣ್ಣಿಗೊತ್ತಿಕೊಂಡರು. ಈ ಸಲ ಯಾರೂ ನಗಲಿಲ್ಲ.

ಸಂಜೆ ಕಪ್ಪನ್ನು ಎದೆಗವುಚಿಕೊಂಡು ವಠಾರಕ್ಕೆ ಬಂದರು. ಅತ್ತೆ ಆರತಿ ಎತ್ತಿದರು. ಕಪ್ಪಿನ ಒಳಗೆ ಒಂದು ಹಿಡಿ ಗರಿಕೆ ಇತ್ತು. "ಇವತ್ತು ಗೆರೆ ಒಳಗಿಂದು ನಾನೇ ಕಿತ್ತೆ" ಎಂದು ನನ್ನ ಕೈಗೆ ಕೊಟ್ಟರು. "ಚೆಂಡು ಸತ್ತುಹೋಯ್ತಲ್ಲ ಆ ಮೂಲೇಲಿ, ಅದು ನೀನು ಮೊದಲ ವರ್ಷ ಕಿತ್ತ ಜಾಗ ಕಣೆ. ಇನ್ನೂ ಬೋಳಾಗೇ ಇದೆ." ಗರಿಕೆ ಕಿತ್ತ ತಿಂಗಳಲ್ಲೇ ಮತ್ತೆ ಹಬ್ಬುತ್ತದೆ ಎಂದು ನನಗೆ ಚೆನ್ನಾಗಿ ಗೊತ್ತು. ಆದರೆ ಅವರು ಅಷ್ಟು ಸಂತೋಷದಲ್ಲಿದ್ದರು, ನಾನು ಹೂಂ ಎಂದೆ.

ಆ ವರ್ಷವೆಲ್ಲ ಕಪ್ ಅವರ ಮನೆಯ ಮೇಜಿನ ಮೇಲೆ, ಮೇರಿಯ ಪಟದ ಪಕ್ಕದಲ್ಲಿತ್ತು. ಕ್ಲಬ್ಬಿನವರು ಪೀಠಕ್ಕೆ ಹೊಸ ತಗಡು ಬಡಿದೇ ಕಳಿಸಿದ್ದರು, ಕೆತ್ತುವುದು ಬಾಕಿ. ಮುಂದಿನ ದಸರಾಕ್ಕೆ ಮುಂಚೆ ನಾವಿಬ್ಬರೂ ಕೂತು ವಿಭೂತಿ ಹಾಕಿ ಉಜ್ಜಿದೆವು. ಮಿಸ್ ಇಸ್ತ್ರಿ ಮಾಡಿದ ಸೀರೆ ಉಟ್ಟು, ಕಪ್ಪನ್ನು ಚೀಲದಲ್ಲಿಟ್ಟುಕೊಂಡು ಕ್ಲಬ್ಬಿಗೆ ಹೋದರು. ಸ್ವಲ್ಪ ಹೊತ್ತಿಗೇ ಚೀಲದ ಸಮೇತ ವಾಪಸ್ ಬಂದರು.

"ಈ ವರ್ಷ ಆಟ ಇಲ್ವಂತೆ. ನೀರಿನ ತೊಂದರೆ. ಮುಂದಿನ ವರ್ಷ ಮಾಡ್ತಾರಂತೆ. ಅಲ್ಲೀವರೆಗೆ ನಿಮ್ಮ ಹತ್ರಾನೇ ಇರ್ಲಿ ಮೇಡಂ ಅಂದ್ರು."

ಅದರ ಮುಂದಿನ ವರ್ಷವೂ ಉಜ್ಜಿದೆವು. ಅದರ ಮುಂದಿನ ವರ್ಷವೂ. ಸೆಕ್ರೆಟರಿ ಬದಲಾದರು. ಒಂದು ಗಣಪತಿ ಹಬ್ಬಕ್ಕೆ ನಾನು ಕಿಂಡಿಯಲ್ಲಿ ಬಗ್ಗಿ ನೋಡಿದರೆ ಅರ್ಧ ಕೋರ್ಟನ್ನು ಅಗೆದಿದ್ದರು. ಗರಿಕೆ ಬೇರು ಸಮೇತ ಗುಡ್ಡೆ ಬಿದ್ದಿತ್ತು. ಮಿಸ್ ಅಂದು ಸ್ಕೂಲಿನಿಂದ ಬಂದು ಗೋಡೆಯ ಹತ್ತಿರ ನಿಂತರು. ನಾನು ಕಾಫಿ ತಂದುಕೊಟ್ಟೆ. ಕುಡಿದು, ಲೋಟ ನನ್ನ ಕೈಗಿಟ್ಟು, "ನಿನಗೆ ಈ ಸಲ ಗರಿಕೆ ಬೇಕಾದಷ್ಟಿದೆ ನೋಡು" ಎಂದು ನಗಲು ನೋಡಿದರು... ನಗು ಬರಲಿಲ್ಲ.

ಆ ಜಾಗ ಸಿಮೆಂಟಾಯಿತು. ಆದರೂ ಪ್ರತಿ ದಸರಾಕ್ಕೆ ಅವರು ಕಪ್ಪನ್ನು ತೆಗೆದುಕೊಂಡು ಹೋಗುವುದು ಬಿಡಲಿಲ್ಲ. ನಿಮ್ಮ ತಾತ ಒಮ್ಮೆ, "ಮಿಸ್, ಕೆತ್ತೋರು ಪೇಟೇಲೇ ಇದಾರೆ, ನಾನೇ ಮಾಡಿಸ್ಕೊಂಡು ಬರ್ತೀನಿ, ಕೊಡಿ" ಎಂದರು. ಮಿಸ್ ಬೇಡವೆಂದು ತಲೆಯಾಡಿಸಿದರು.

"ನಾವೇ ಬರೆಸ್ಕೊಂಡ್ರೆ ಅದು ಕಪ್ಪಲ್ಲ ಕಣಪ್ಪ, ಮನೆ ಪಾತ್ರೆ."

ರಿಟೈರಾದ ಮೇಲೆ ಅವರ ಮೊಣಕಾಲು ಕೈಕೊಟ್ಟಿತು. ಕೋಲಾರದ ಕಡೆ ಇದ್ದ ತಂಗಿಯ ಮನೆಗೆ ಹೋಗುವುದೆಂದಾಯಿತು. ಹೊರಡುವ ದಿನ ಮಿಸ್ ಕಪ್ಪನ್ನು ತಂದು ನಮ್ಮ ನಡುಮನೆಯಲ್ಲಿಟ್ಟರು. ಅಷ್ಟು ಹೊತ್ತಿಗೆ ಅತ್ತೆ ತೀರಿಹೋಗಿದ್ದರು. ನೀವಿನ್ನೂ ಹುಟ್ಟಿರಲಿಲ್ಲ.

"ನಾನು ಊರು ಬಿಟ್ರೂ ಇದು ಊರು ಬಿಡಬಾರದು" ಎಂದರು. "ಮೈಸೂರಿನ ಕಪ್ಪು ಇದು. ನೀನಿಟ್ಕೋ. ಯಾವತ್ತಾದ್ರೂ ಆಟ ಶುರುವಾದ್ರೆ ತಗೊಂಡು ಹೋಗಿ ಕೊಡು."

"ನಾನ್ಯಾಕೆ ಮಿಸ್, ನನಗೇನು ಗೊತ್ತು" ಎಂದೆ.

"ಆ ನಾಲ್ಕು ಜನದಲ್ಲಿ ನೀನೂ ಒಬ್ಬಳಲ್ವೇನೇ?"

ಆಟೋ ತಿರುವಿನಲ್ಲಿ ಮರೆಯಾಗುವವರೆಗೂ ಅವರ ಕೈ ಹೊರಗೆ ಕಾಣುತ್ತಿತ್ತು. ಎರಡು ಕ್ರಿಸ್‌ಮಸ್ಸಿಗೆ ಕಾರ್ಡ್ ಬಂತು. ಮೂರನೆಯದಕ್ಕೆ ಬರಲಿಲ್ಲ. ವಠಾರದ ಹತ್ತಿರದ ಚರ್ಚಿಗೆ ಹೋಗುವವರೊಬ್ಬರು ಮಿಸ್ ತೀರಿಹೋದ ವಿಷಯ ಹೇಳಿದರು. ನಾನು ಒಳಗೆ ಹೋಗಿ ಕಪ್ಪನ್ನು ಉಜ್ಜಿದೆ. ಬೇರೆ ಏನು ಮಾಡಬೇಕೋ ತಿಳಿಯಲಿಲ್ಲ.

ಆಮೇಲೆ ಒಂದು ದಿನ ಧೈರ್ಯ ಮಾಡಿ ನಾನೇ ಕ್ಲಬ್ಬಿಗೆ ಹೋದೆ. ಮುಂದಿನ ಗೇಟಿನಿಂದ ಆ ಕ್ಲಬ್ಬಿಗೆ ನಾನು ಹೋದದ್ದು ಅದೇ ಮೊದಲು. ಮೇಜಿನ ಹಿಂದೆ ಕೂತಿದ್ದ ಹೆಣ್ಣುಮಗಳು ಮರ್ಯಾದೆಯಿಂದಲೇ ಮಾತನಾಡಿಸಿದಳು. "ಹುಲ್ಲಿನ ಮೇಲೆ ಆಡ್ತಿದ್ರಾ ಇಲ್ಲಿ? ನನಗೆ ಗೊತ್ತೇ ಇಲ್ಲ ಅಮ್ಮ. ಚೆನ್ನಾಗಿದೆ ಕಪ್ಪು, ಕೊಟ್ಟು ಹೋಗಿ, ಶೋಕೇಸಲ್ಲಿ ಇಡ್ತೀವಿ."

"ಇದರಲ್ಲಿ ಒಂದು ಹೆಸರು ಕೆತ್ತಿಸೋದಿದೆ" ಎಂದೆ.

ಒಳಗೆ ಯಾರನ್ನೋ ಕೇಳಿ ಬಂದಳು. "ಅದೆಲ್ಲ ಈಗ ಆಗಲ್ಲವಂತೆ ಅಮ್ಮ. ಆಗಿನೋರು ಯಾರೂ ಇಲ್ಲ, ಯಾರು ಗೆದ್ರು ಅಂತ ಹೇಳೋರೂ ಇಲ್ಲ."

ನಾನಿದ್ದೇನಲ್ಲ, ಗೋಡೆಯ ಹತ್ತಿರ ನಿಂತು ಕಣ್ಣಾರೆ ನೋಡಿದ್ದೇನಲ್ಲ ಎಂದು ಹೇಳಬೇಕೆನಿಸಿತು. ಕಪ್ಪನ್ನು ಮತ್ತೆ ಚೀಲಕ್ಕೆ ಹಾಕಿಕೊಂಡು, ಬಸ್ಸು ಹತ್ತಿ ಮನೆಗೆ ಬಂದೆ.

ನಾವು ವಠಾರ ಬಿಟ್ಟು ಈ ಹಿನಕಲ್ ಕಡೆಯ ಮನೆಗೆ ಬಂದಾಗ ಕಪ್ ನನ್ನ ಮಡಿಲಲ್ಲೇ ಬಂತು. ನಿಮ್ಮ ತಾತ ಹೋದ ಮೇಲೆ ಬಿಳೀ ಉಡು ಎಂದು ನನಗೆ ಯಾರೂ ಹೇಳಲಿಲ್ಲ. ಆದರೂ ಒಂದು ಮಧ್ಯಾಹ್ನ ಪೆಟ್ಟಿಗೆ ತೆರೆದು ಆಟದ ದಿನ ಉಟ್ಟ ಆ ಸೀರೆ ತೆಗೆದು ನೋಡಿದೆ. ರಿಬ್ಬನ್ನಿನ ಕೆಂಪು ಅಲ್ಲಲ್ಲಿ ಬಿಳಿಗೆ ಹತ್ತಿತ್ತು. ಅತ್ತೆಯ ಹೊಲಿಗೆ ಒಂದೂ ಬಿಟ್ಟಿರಲಿಲ್ಲ. ಅದರಲ್ಲೇ ಕಪ್ಪನ್ನು ಸುತ್ತಿ ಅಟ್ಟದ ಮೇಲಿಟ್ಟೆ. ಪ್ರತಿ ವರ್ಷ ಆಯುಧಪೂಜೆಗೆ ಮುಂಚೆ, ನೀವೆಲ್ಲ ಹೊರಗೆ ಹೋಗಿದ್ದಾಗ, ಇಳಿಸಿ ಉಜ್ಜಿ ಮತ್ತೆ ಇಟ್ಟುಬಿಡುತ್ತೇನೆ. ನನಗೆ ಆ ಕೆಲಸ ಒಬ್ಬಳೇ ಇದ್ದಾಗ ಮಾಡುವುದು ಇಷ್ಟ.

ಈ ಸಲ ಹಬ್ಬ ಮುಗಿಯುವವರೆಗೂ ಗರಿಕೆ ಅದರಲ್ಲೇ ಇರಲಿ ಎಂದು ಬಿಟ್ಟೆ. ಗಣಪತಿಗೆ ಬೇಕಾದಷ್ಟು ತೆಗೆದುಕೊಂಡು ಉಳಿದದ್ದನ್ನು ಹಾಗೇ ನಿಲ್ಲಿಸಿದೆ. ಮೊಮ್ಮಗಳು ಮಾತ್ರ ಆ ಖಾಲಿ ತಗಡನ್ನು ಮರೆತಿಲ್ಲ. ನಿನ್ನೆ ಮತ್ತೆ ಬಂದು ಕೂತಳು. ಅರಸು ರಸ್ತೆಯಲ್ಲಿ ಈಗ ಮೆಷಿನ್ನಿನಲ್ಲಿ ಕೆತ್ತುತ್ತಾರಂತೆ, ಕಾಯುವಷ್ಟರಲ್ಲಿ ಕೊಡುತ್ತಾರಂತೆ.

"ಅವರ ಹೆಸರು ಹೇಳಿ ಅಜ್ಜಿ. ನಾಳೇನೇ ಹಾಕಿಸ್ಕೊಂಡು ಬರೋಣ."

ನಾನು ಬೇಡವೆಂದು ತಲೆಯಾಡಿಸಿದೆ. ಮಗು ಮುಖ ಸಣ್ಣದು ಮಾಡಿಕೊಂಡು ಎದ್ದು ಹೋಯಿತು. ಅವಳಿಗೆ ಬೇಸರ ಬೇಡ. ಮಿಸ್ ಅವರ ಹೆಸರು ನನಗೆ ಮರೆತಿಲ್ಲ. ಅಕ್ಷರ ಅಕ್ಷರವೂ ಗೊತ್ತು. ಇಷ್ಟು ಪುಟ ಬರೆಯುವಾಗ ಎಷ್ಟೋ ಸಲ ಪೆನ್ನಿನ ತುದಿಗೆ ಬಂತು, ತಡೆದೆ. ಅದು ಮೊದಲು ಬೀಳಬೇಕಾಗಿದ್ದ ಜಾಗ ಇನ್ನೂ ಖಾಲಿ ಇದೆ. ಹುಲ್ಲೂ ಇಲ್ಲ, ಆಟವೂ ಇಲ್ಲ, ಅದನ್ನು ಕೆತ್ತಿಸಬೇಕಾದವರೂ ಇಲ್ಲ. ಇನ್ನು ಅದು ತುಂಬುವುದಿಲ್ಲ ಎಂದು ನನಗೂ ತಿಳಿದಿದೆ.

ನೀರು ಬದಲಾಯಿಸೋಣವೆಂದು ಇವತ್ತು ಬೆಳಿಗ್ಗೆ ಕಪ್ಪನ್ನು ಕಿಟಕಿಯ ಬೆಳಕಿಗೆ ಹಿಡಿದೆ. ವಿಭೂತಿಯಲ್ಲಿ ಉಜ್ಜಿ ಉಜ್ಜಿ ಹಳೆಯ ಹೆಸರುಗಳೆಲ್ಲ ಸವೆದಿವೆ. ಮೊದಮೊದಲಿನವು ಈಗ ಬೆರಳಿಗೆ ಮಾತ್ರ ಸಿಗುತ್ತವೆ, ಕಣ್ಣಿಗೆ ಸಿಗುವುದಿಲ್ಲ. ಇನ್ನು ಕೆಲವು ವರ್ಷ ಕಳೆದರೆ ಅವರೆಲ್ಲರ ತಗಡುಗಳೂ ನಮ್ಮ ಮಿಸ್ ಅವರ ತಗಡಿನ ಹಾಗೇ ಆಗುತ್ತವೆ. ಸೀರೆಯನ್ನು ಒಗೆದು ಹಾಕಿದ್ದೇನೆ. ಒಣಗಿದ ಮೇಲೆ ಸುತ್ತಿ ಇಡಬೇಕು. ದಸರಾ ಹತ್ತಿರ ಬಂತು.